ಗುಂಡು ಸಿಕ್ಕೊಳ್ತಿದ್ರ ಮೊದಲು ತುಂಬೋ ರೀತಿ ನೋಡ್ರಿ

ಅಣ್ಣಾರ, ಗಂಗಾವತಿ ಕಡೆ ಹೊಲ ಕಾಯಾಕ ತಗೊಂಡ ಹಳೆ .315 ರೈಫಲ್‌ನಾಗ ಎರಡನೇ ಗುಂಡು ಸಿಕ್ಕೊಳ್ತೈತಿ ಅಂತ ಕೇಳೀರಿ. ಈ ಕಾಡತೂಸಿಗೆ ಹಿಂದ ಅಗಲವಾದ ಅಂಚು ಐತಿ. ಮ್ಯಾಗಜೀನ್ ಅಂದ್ರ ಗುಂಡು ತುಂಬೋ ಡಬ್ಬಿಯೊಳಗ, ಮ್ಯಾಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿಗಿಂತ ಮುಂದ ಕೂಡಬೇಕು. ಹಿಂದ ಬಿತ್ತೋ, ಬೋಲ್ಟ್ (ಗುಂಡನ್ನ ನಳಿಗೆಯೊಳಗ ತಳ್ಳೋ ಹಿಡಿಕಿ ಇರೋ ಭಾಗ) ಮುಂದ ತಳ್ಳಿದಾಗ ಒಂದಕ್ಕೊಂದು ತಗಲಾಕ್ಕೊಂಡು ಅಲ್ಲೇ ನಿಲ್ತಾವ. ಹಳೇ ರೈಫಲ್‌ನ ದೂರು ಎಷ್ಟೋ ಸಲ ಇಲ್ಲಿಗೇ ಮುಗೀತೈತಿ.

ಸರಿಯಾಗಿ ತುಂಬಿದ್ರೂ ನಿಂತ್ರ ಮ್ಯಾಗಜೀನ್ ತುಟಿ, ಅಂದ್ರ ಗುಂಡನ್ನ ಹಿಡಿಯೋ ಅದರ ಬಾಯಿಯ ಅಂಚು, ಬಗ್ಗಿರಬೇಕು, ಇಲ್ಲಾ ಗುಂಡು ಮ್ಯಾಲೆತ್ತೋ ಒಳಗಿನ ಸ್ಪ್ರಿಂಗ್ ಸೋತಿರಬೇಕು. ನಮ್ಮ ಬಳ್ಳಾರಿ ಕಡೆ ಧೂಳಿನಾಗ ಎಣ್ಣಿ ಜಾಸ್ತಿ ಹಚ್ಚಿದ್ರೂ ಕೆಸರು ಕಟ್ಟಿ ಸ್ಪ್ರಿಂಗ್ ಏಳಂಗಿಲ್ಲ. ಒರೆಸಿ ತೆಳ್ಳಗ ಹಚ್ಚ್ರಿ. ತುಟಿ ಮಾತ್ರ ಇಕ್ಕಳ ಹಿಡಿದು ನೀವ ಬಗ್ಗಸಬ್ಯಾಡ್ರಿ. ಲೈಸೆನ್ಸ್ ಇರೋ ರಿಪೇರಿ ಅಂಗಡಿಗೆ ನಿಮ್ಮ ಲೈಸೆನ್ಸ್ ಸಮೇತ ಒಯ್ರಿ. ಮನ್ಯಾಗ ಜೀವಂತ ಗುಂಡು ಹಾಕಿ ಬೋಲ್ಟ್ ಆಡಿಸಿ ನೋಡೂದಂತೂ ಬ್ಯಾಡವೇ ಬ್ಯಾಡ.