ಓದುಗರ ಪ್ರಶ್ನೆ: ರೈಲಿಗಿಂತ ಮೊದಲೇ ಏರುವ ಬಾಡಿಗೆ

ಪ್ರಶ್ನೆ: ಲೈಟ್ ರೈಲು (ನಗರದೊಳಗೆ ಓಡುವ ಹಗುರ ವಿದ್ಯುತ್ ರೈಲು) ಬಂದರೆ ಬಡಾವಣೆಗೆ ಒಳ್ಳೆಯದೇ ಅಲ್ಲವೆ? ಅಮೆರಿಕದಲ್ಲಿ ಹಳೆಯ ನಿವಾಸಿಗಳು ಹೆದರುವುದೇಕೆ?

ಉತ್ತರ: ಸ್ವಂತ ಮನೆಯಿದ್ದವರಿಗೆ ಒಳ್ಳೆಯದು. ಆದರೆ ನಿಲ್ದಾಣದ ಜಾಗ ಗೊತ್ತಾದ ಕೂಡಲೇ ನೆಲದ ಬೆಲೆ ಏರುತ್ತದೆ, ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವುದೇ ಲಾಭವೆನಿಸುತ್ತದೆ. ಆಗ ಹೊರಡಬೇಕಾದವರು ಬಾಡಿಗೆಗಿದ್ದವರು.

ಮಿನ್ನೆಸೋಟದ ಸೇಂಟ್ ಪಾಲ್ ನೋಡಿ. ಅಲ್ಲಿ ರೊಂಡೊ ಎಂಬ ಕಪ್ಪು ಜನರ ಕೇರಿಯನ್ನು ಹಿಂದೆ ಐ-94 ಹೆದ್ದಾರಿ ಸೀಳಿತ್ತು. ಪಕ್ಕದ ಯೂನಿವರ್ಸಿಟಿ ಅವೆನ್ಯೂನಲ್ಲಿ ಗ್ರೀನ್ ಲೈನ್ ಎಂಬ ಲೈಟ್ ರೈಲು ಯೋಜನೆ ಬಂದಾಗ, ಬಡವರೇ ಹೆಚ್ಚಿದ್ದ ಭಾಗಕ್ಕೆ ನಕ್ಷೆಯಲ್ಲಿ ಮೈಲಿಗೊಂದೇ ನಿಲ್ದಾಣ. ಜನ ಪಟ್ಟು ಹಿಡಿದು ವೆಸ್ಟರ್ನ್, ವಿಕ್ಟೋರಿಯಾ, ಹ್ಯಾಮ್ಲಿನ್ ನಿಲ್ದಾಣಗಳನ್ನು ಸೇರಿಸಿಕೊಂಡರು. ದೊಡ್ಡ ಗೆಲುವು ಅದು. ರಸ್ತೆ ಬದಿಯ ಪಾರ್ಕಿಂಗ್ ಮಾತ್ರ ಬಹುಪಾಲು ಹೋಯಿತು. ಕಾಮಗಾರಿಯಲ್ಲಿ ವ್ಯಾಪಾರ ಕುಸಿದ ಸಣ್ಣ ಅಂಗಡಿಗಳಿಗೆ 20,000 ಡಾಲರ್‌ವರೆಗೆ, ಮುಂದೆ ಮನ್ನಾ ಆಗುವಂಥ ಸಾಲ ಕೊಟ್ಟರು. ರೈಲು ಓಡಿದ್ದು 2014ರ ಜೂನ್‌ನಲ್ಲಿ. ವರ್ಷಕ್ಕೆ ಶೇ 3ಕ್ಕಿಂತ ಹೆಚ್ಚು ಬಾಡಿಗೆ ಏರಿಸಬಾರದೆಂದು ಇಡೀ ನಗರಕ್ಕೆ ಮಿತಿ ಬಂದದ್ದು 2021ರ ನವೆಂಬರ್‌ನ ಮತದಾನದಲ್ಲಿ. ತೀರಾ ತಡ. ಮರುವರ್ಷವೇ ಹೊಸ ಕಟ್ಟಡಗಳಿಗೆ 20 ವರ್ಷ ವಿನಾಯಿತಿಯೂ ಸಿಕ್ಕಿತು.

ಪ್ರಶ್ನೆ: ಬೆಂಗಳೂರಿನಲ್ಲಿ ಮೆಟ್ರೊ ಕಾಮಗಾರಿ ನಡೆದಿರುವ ರಸ್ತೆಯಲ್ಲಿ ಬಾಡಿಗೆಗಿದ್ದೇವೆ. 11 ತಿಂಗಳ ಕರಾರು ಮುಗಿದಿದೆ, ಬಾಡಿಗೆ ಮಾತ್ರ ತಪ್ಪದೆ ಕೊಡುತ್ತಿದ್ದೇವೆ. ಖಾಲಿ ಮಾಡಿ ಅನ್ನಬಹುದೆ?

ಉತ್ತರ: ಅನ್ನಬಹುದು. ಕರಾರು ಮುಗಿದ ಮೇಲೆ ನೀವು ತಿಂಗಳ ಲೆಕ್ಕದ ಬಾಡಿಗೆದಾರರು. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಸಾಕು. ನೀವು ಬಿಡದಿದ್ದರೆ ಮಾಲೀಕರು ಕೋರ್ಟಿಗೆ ಹೋಗಬೇಕೇ ಹೊರತು ತಾವೇ ಬೀಗ ಜಡಿಯುವಂತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ನಂಬಿ ಕೂರಬೇಡಿ: ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಇಂದು ಆ ಬೆಲೆಗೆ ಮನೆ ಎಲ್ಲಿದೆ?

ಆದ್ದರಿಂದ ರೈಲು ಓಡುವ ಮೊದಲೇ ಹೊಸ ಕರಾರು ಮಾಡಿಕೊಳ್ಳಿ. ಮೂರು ವರ್ಷದ ಅವಧಿ, ವರ್ಷಕ್ಕೆ ಇಷ್ಟೇ ಏರಿಕೆ (ಶೇ 5 ಎಂದು ಕೇಳಿ ನೋಡಿ), ಖಾಲಿ ಮಾಡಿಸಲು ಮೂರು ತಿಂಗಳ ನೋಟಿಸ್ ಎಂದು ಬರೆಸಿ. ಅಡ್ವಾನ್ಸ್ ಎಷ್ಟು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಕೀಲಿ ಕೊಟ್ಟ ದಿನವೇ ಉಳಿದದ್ದು ವಾಪಸ್ಸೇ ಎಂಬುದೂ ಅದರಲ್ಲಿರಲಿ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬರೀ ಸ್ಟ್ಯಾಂಪ್ ಪೇಪರ್ ಮೇಲೆ ಸಹಿಯಾದರೆ ಮೂರು ವರ್ಷದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಬಾಡಿಗೆ ಬೇಡ, ಒಟ್ಟು ದುಡ್ಡು ಕೊಟ್ಟು ಲೀಸ್‌ಗೆ ಇರಿ ಎಂದರೆ, ಮೊದಲು ಆ ಮನೆಯ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಬ್ಯಾಂಕ್ ಸಾಲವಿದೆಯೇ ವಿಚಾರಿಸಿ. ಸಾಲ ಕಟ್ಟದೆ ಬ್ಯಾಂಕ್ ಮನೆ ಹರಾಜಿಗಿಟ್ಟರೆ ನಿಮ್ಮ ಲಕ್ಷಗಳೂ ಸಿಕ್ಕಿಬೀಳುತ್ತವೆ.