ಹಜ್‌ಗೆ ಹೋಗಲಾಗದವರು ಮನೆಯಲ್ಲೇ ಯಾವ ಇಬಾದತ್ (ಆರಾಧನೆ) ಮಾಡಿದರೆ ಹಜ್‌ಗೆ ಸಮವಾಗುತ್ತದೆ?

ತಾಯಿಯ ಹೆಸರು ಹಜ್ ಯಾತ್ರಿಕರನ್ನು ಆರಿಸಲು ಎತ್ತುವ ಈ ಸಲದ ಚೀಟಿಯಲ್ಲಿ ಬರಲಿಲ್ಲ, ಮನೆಯಲ್ಲೇ ಏನು ಮಾಡಿಸಿದರೆ ಅವರಿಗೆ ಹಜ್ ಆದಂತಾಗುತ್ತದೆ ಎಂದು ಕೇಳಿದ್ದೀರಿ. ಏನು ಮಾಡಿಸಿದರೂ ಆದಂತಾಗುವುದಿಲ್ಲ. ನಾನು ಆಲಿಮನಲ್ಲ (ಧರ್ಮಪಂಡಿತನಲ್ಲ), ಆದರೆ ಇದೇ ಪ್ರಶ್ನೆಗೆ ನಮಗೆ ಬೇಕಾದ ಉತ್ತರವನ್ನು ನಾವೇ ಕಲ್ಪಿಸಿಕೊಂಡು ಕುಳಿತದ್ದರಿಂದ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಹೇಳಬಲ್ಲೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. 2020ರ ಹಜ್‌ಗೆ ನಮ್ಮ ತಾಯಿಯ ಹೆಸರು ಚೀಟಿಯಲ್ಲಿ ಬಂದಿತ್ತು. ತವರಿನ ಅಡಿಕೆ ತೋಟದಲ್ಲಿ ಅವರ ಪಾಲಿಗೆ ಬಂದಿದ್ದ ಹಣ ಅದಕ್ಕೆಂದೇ ಬ್ಯಾಂಕಿನಲ್ಲಿತ್ತು. ಹಜ್‌ಗೆ ಹೊರಡುವವರು ಮಾಡುವಂತೆ ಅವರೂ ಮನೆಮನೆಗೆ ಹೋಗಿ, ಜಾತಿ ಧರ್ಮ ನೋಡದೆ, ತಪ್ಪಿದ್ದರೆ ಮಾಫ್ ಮಾಡಿ ಎಂದು ಕೇಳಿಕೊಂಡು ಬಂದಿದ್ದರು; ಬೇಲಿಯ ವಿಷಯಕ್ಕೆ ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದ ನಾದಿನಿಯನ್ನು ಸಾಗರದವರೆಗೂ ಹೋಗಿ ಮಾತನಾಡಿಸಿದ್ದರು. ಜೂನ್ ತಿಂಗಳಲ್ಲಿ, ಕೊರೋನಾ ಕಾರಣದಿಂದ ಭಾರತದಿಂದ ಯಾರೂ ಹೋಗುವಂತಿಲ್ಲ ಎಂಬ ಪ್ರಕಟಣೆ ಬಂತು. ಕಟ್ಟಿದ ಹಣವೆಲ್ಲ ಕಡಿತವಿಲ್ಲದೆ ವಾಪಸಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ವರ್ಷ ಅವರು ಮನೆಯಲ್ಲಿ ಮಾಡಿದ ಇಬಾದತ್ತನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹಗುರವಾಗಿ ಕಾಣುವವನಲ್ಲ. ಜಿಲ್‌ಹಜ್ ತಿಂಗಳ (ಹಜ್ ನಡೆಯುವ ತಿಂಗಳು) ಚಂದ್ರ ಕಂಡಲ್ಲಿಂದ ಉಗುರು ಕತ್ತರಿಸದೆ ಇದ್ದರು, ಉಪವಾಸಗಳನ್ನು ಹಿಡಿದರು. ಹೊರಗೆ ಹಿಡಿದ ಮಳೆ ಬಿಡದೆ ಹೊಯ್ಯುತ್ತಿತ್ತು. ಒಣಗದ ಜಾನಮಾಜನ್ನು (ನಮಾಜಿನ ಹಾಸನ್ನು) ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ, ಹೊಗೆಯ ವಾಸನೆಯಿದ್ದ ಅದನ್ನೇ ಮತ್ತೆ ಹಾಸಿಕೊಳ್ಳುತ್ತಿದ್ದರು. ಕಾಬಾದ ಸುತ್ತ ಬೆರಳೆಣಿಕೆಯ ಯಾತ್ರಿಕರು ಅಂತರ ಬಿಟ್ಟು ನಡೆಯುತ್ತಿದ್ದುದನ್ನು ಮೊಬೈಲಿನಲ್ಲಿ ನೋಡಿ, "ಇವರಿಗಾದರೂ ಸಿಕ್ಕಿತಲ್ಲ" ಎಂದರು. ಅರಫಾತ್ ಮೈದಾನದಲ್ಲಿ ಯಾತ್ರಿಕರು ನಿಂತದ್ದು ಜುಲೈ 30ರಂದು; ನಮ್ಮಲ್ಲಿ ಬಕ್ರೀದ್ ಆಗಸ್ಟ್ 1ಕ್ಕೆ ಇದ್ದುದರಿಂದ ನಮ್ಮ ಚಂದ್ರದ ಒಂಬತ್ತನೆಯ ದಿನವಾದ 31ರಂದು ಅವರು ಅರಫಾದ ಉಪವಾಸವಿದ್ದರು. ಹಿಂದಿನ ಮತ್ತು ಮುಂದಿನ ವರ್ಷದ ಪಾಪಗಳಿಗೆ ಅದು ಪರಿಹಾರವೆಂದು ಹದೀಸಿನಲ್ಲಿ (ಪ್ರವಾದಿಯವರ ಮಾತು, ನಡೆಗಳ ವರದಿಯಲ್ಲಿ) ಇದೆ.

ತಪ್ಪು ನಡೆದದ್ದು ಆಮೇಲೆ. ಫಜ್ರ್ (ಮುಂಜಾವಿನ) ನಮಾಜನ್ನು ಎಲ್ಲರೊಂದಿಗೆ ಜಮಾಅತ್‌ನಲ್ಲಿ ಮಾಡಿ, ಸೂರ್ಯ ಹುಟ್ಟುವವರೆಗೆ ಜಿಕ್ರ್ (ದೇವಸ್ಮರಣೆ) ಮಾಡುತ್ತ ಕುಳಿತು, ಎರಡು ರಕಾತ್ ನಮಾಜು ಸಲ್ಲಿಸಿದವರಿಗೆ ಹಜ್ ಮತ್ತು ಉಮ್ರಾದ (ಮಕ್ಕಾದ ಕಿರುಯಾತ್ರೆಯ) ಪ್ರತಿಫಲವಿದೆ ಎಂಬ, ತಿರ್ಮಿಜಿ ಸಂಗ್ರಹದ ಹದೀಸನ್ನು ಒಂದು ಬಯಾನಿನಲ್ಲಿ (ಧರ್ಮಪ್ರವಚನದಲ್ಲಿ) ಕೇಳಿದೆವು. ಪ್ರವಾದಿಯವರ ತಬೂಕ್ ದಂಡಯಾತ್ರೆಯ ಹದೀಸೂ ಅದರ ಜೊತೆಗೇ ಬಂತು: ಸಕಾರಣವಾಗಿ ಮದೀನಾದಲ್ಲೇ ಉಳಿದವರೂ ಪ್ರತಿಫಲದಲ್ಲಿ ನಿಮ್ಮೊಂದಿಗಿದ್ದರು ಎಂದು ಪ್ರವಾದಿಯವರು ದಂಡಿನವರಿಗೆ ಹೇಳಿದ್ದಾರೆ. ಮೌಲಾನಾ ಹೇಳುತ್ತಿದ್ದದ್ದು ಸವಾಬಿನ (ಪುಣ್ಯಫಲದ) ವಿಚಾರ. ಅಮ್ಮಿಯ ಹಜ್ ಅಲ್ಲಾಹನ ಲೆಕ್ಕದಲ್ಲಿ ಆಗಿಹೋಯಿತು ಎಂದು ನಾವು ಅರ್ಥ ಮಾಡಿಕೊಂಡೆವು. ಸವಾಬು ಎಷ್ಟೇ ಸಿಗಲಿ, ಹೆಗಲ ಮೇಲಿನ ಫರ್ಜ್ (ಕಡ್ಡಾಯ ಕರ್ತವ್ಯ) ಅದರಿಂದ ಇಳಿಯುವುದಿಲ್ಲ. ರಮಜಾನಿನ ಉಮ್ರಾ ಹಜ್‌ಗೆ ಸಮ ಎಂಬ ಹದೀಸಿದ್ದರೂ ಉಮ್ರಾ ಮಾಡಿ ಬಂದವರಿಗೆ ಹಜ್ ಮಾಫಿಯಾಗುವುದಿಲ್ಲವಲ್ಲ, ಇದೂ ಹಾಗೆಯೇ. ಹಿಜರಿ 6ರಲ್ಲಿ ಉಮ್ರಾಕ್ಕೆಂದು ಹೊರಟ ಪ್ರವಾದಿಯವರನ್ನೂ ಸುಮಾರು 1400 ಸಂಗಾತಿಗಳನ್ನೂ ಮಕ್ಕಾದ ಹತ್ತಿರದ ಹುದೈಬಿಯಾದಲ್ಲಿ ತಡೆದಾಗ ಅವರು ಅಲ್ಲೇ ಕುರ್ಬಾನಿ ಕೊಟ್ಟು, ತಲೆ ಬೋಳಿಸಿಕೊಂಡು ಹಿಂತಿರುಗಿದರು. ಆದರೆ ಅಷ್ಟಕ್ಕೇ ಮುಗಿಯಿತೆನ್ನದೆ ಮರುವರ್ಷ ಮಕ್ಕಾಕ್ಕೆ ಹೋಗಿ ಉಮ್ರಾ ಮಾಡಿದರು.

2020 ಮತ್ತು 2021ರಲ್ಲಿ ದಾರಿಯೇ ಮುಚ್ಚಿತ್ತು. 2022ರಲ್ಲಿ 65 ತುಂಬಿದವರಿಗೆ ಅವಕಾಶವಿರಲಿಲ್ಲ, ಅಮ್ಮಿಗೆ ಆಗಲೇ 65 ಆಗಿತ್ತು. ಆ ಮೂರು ವರ್ಷ ನಮಗೆ ಸಕಾರಣವಿತ್ತು. 2023ರಲ್ಲಿ ವಯಸ್ಸಿನ ಮಿತಿಯನ್ನು ತೆಗೆದರು, ಹಣ ಬ್ಯಾಂಕಿನಲ್ಲೇ ಇತ್ತು, ಅಮ್ಮಿ ನಡೆದಾಡುತ್ತಿದ್ದರು. ಆದರೂ ನಾವು ಅರ್ಜಿ ಹಾಕಲಿಲ್ಲ. ಬಿಸಿಲು, ನೂಕುನುಗ್ಗಲು, ಈ ವಯಸ್ಸಿನಲ್ಲಿ ಏಕೆ, ಹೇಗೂ ಪ್ರತಿಫಲ ಸಿಕ್ಕಿದೆಯಲ್ಲ ಎಂದು ಅವರಿಗೆ ಹೇಳಿದವನೇ ನಾನು. ಮರುವರ್ಷದ ಮಳೆಗಾಲದಲ್ಲಿ, ಅಂಗಳಕ್ಕೆ ಹಾಸಿದ್ದ ಅಡಿಕೆ ದಬ್ಬೆ ಮುಗಿಯುವಲ್ಲಿ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹೃದಯವೂ ದುರ್ಬಲವಾಗಿರುವುದರಿಂದ ಇನ್ನು ದೂರದ ಪ್ರಯಾಣ ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ್ದಾರೆ.

ಶಿವಮೊಗ್ಗದ ಮುಫ್ತಿಯೊಬ್ಬರನ್ನು ಕೇಳಿದಾಗ, ಹಣ, ಆರೋಗ್ಯ, ದಾರಿ ಮೂರೂ ಕೂಡಿಬಂದ ವರ್ಷ ಹೋಗದಿದ್ದರಿಂದ ಫರ್ಜ್ ಉಳಿದುಕೊಂಡಿದೆ, ಗುಣವಾಗುವ ಭರವಸೆ ಇಲ್ಲದಿದ್ದರೆ ಅವರದೇ ಹಣದಲ್ಲಿ ಹಜ್ ಬದಲ್ (ಅವರ ಪರವಾಗಿ ಬೇರೊಬ್ಬರಿಂದ ಹಜ್) ಮಾಡಿಸಿ ಎಂದರು. ಜಿದ್ದಾದಲ್ಲಿರುವ ಸಂಬಂಧಿಕರಿಂದ ಕಡಿಮೆ ಖರ್ಚಿನಲ್ಲಿ ಮುಗಿಸೋಣವೆಂದು ಅಣ್ಣ ಹೇಳಿದ್ದ. ಆದರೆ ಹಣ ಸಾಕಾಗುವಂತಿದ್ದರೆ ಹನಫಿ ಪದ್ಧತಿಯಲ್ಲಿ (ಸುನ್ನಿ ಧರ್ಮಶಾಸ್ತ್ರದ ಒಂದು ಪಂಥದಲ್ಲಿ) ಅವರ ಊರಿನಿಂದಲೇ ಒಬ್ಬರು ಹೊರಡಬೇಕಂತೆ. ತನ್ನ ಹಜ್ ಮುಗಿಸಿಕೊಂಡಿರುವ ಭದ್ರಾವತಿಯ ಭಾವ ಒಪ್ಪಿದ್ದಾರೆ. ಅಮ್ಮಿ ಇದಕ್ಕಾಗಿ ವಸಿಯ್ಯತ್ತನ್ನೂ (ಉಯಿಲನ್ನೂ) ಬರೆಸಿದ್ದಾರೆ, ಏಕೆಂದರೆ ಅದೇ ಪದ್ಧತಿಯಲ್ಲಿ ಬರೆಸದೆ ಕಣ್ಣು ಮುಚ್ಚಿದರೆ ವಾರಸುದಾರರ ಮೇಲೆ ಹೊಣೆಯಿರುವುದಿಲ್ಲ. ಬರೆಸಿದ್ದರೆ ಆಸ್ತಿಯ ಮೂರನೇ ಒಂದು ಭಾಗದೊಳಗೆ ಅದನ್ನು ನೆರವೇರಿಸಲೇಬೇಕು.

ಆದ್ದರಿಂದ ನೀವು ಮೊದಲು ನೋಡಬೇಕಾದದ್ದು ನಿಮ್ಮ ತಾಯಿಯ ಮೇಲೆ ಹಜ್ ಫರ್ಜ್ ಆಗಿದೆಯೇ ಎಂಬುದನ್ನು. ಸಾಲ ತೀರಿಸಿ, ಅವರನ್ನು ನಂಬಿದವರ ಖರ್ಚು ಕಳೆದು, ಹೋಗಿಬರುವಷ್ಟು ಸ್ವಂತ ಹಣವಿಲ್ಲದಿದ್ದರೆ ಅವರ ಮೇಲೆ ಯಾವ ಬಾಕಿಯೂ ಇಲ್ಲ. ಕುರ್‌ಆನ್ ಸಾಮರ್ಥ್ಯವಿದ್ದವರಿಗಷ್ಟೇ ಹಜ್ ವಿಧಿಸಿದೆ (3:97). ಅಂಥವರು ಸಮಾಧಾನದಿಂದ ಅರಫಾದ ಉಪವಾಸವಿರಲಿ, ಆ ತಿಂಗಳ ಒಂಬತ್ತನೆಯ ದಿನದ ಫಜ್ರ್‌ನಿಂದ ಹದಿಮೂರನೆಯ ದಿನದ ಇಳಿಹೊತ್ತಿನ ನಮಾಜಾದ ಅಸರ್‌ವರೆಗೆ ಪ್ರತಿ ಫರ್ಜ್ ನಮಾಜಿನ ನಂತರ ತಕ್ಬೀರ್ (ಅಲ್ಲಾಹನ ಹಿರಿಮೆಯ ಘೋಷ) ಹೇಳಲಿ. ಮನೆಯಲ್ಲಿ ಇಹ್ರಾಮ್ (ಹಜ್ ಯಾತ್ರಿಕರ ಉಡುಪು) ಉಡುವುದು, ಏನನ್ನೋ ಸುತ್ತುವುದು ಬೇಡ, ಅದಕ್ಕೆ ಆಧಾರವಿಲ್ಲ. ನನ್ನನ್ನು ಕೇಳಿದರೆ, ಕಡ್ಡಾಯವಲ್ಲದ ಎಲ್ಲ ನಫಿಲ್‌ಗಳಿಗಿಂತ ಮೊದಲು ಹಳೆಯ ಸಾಲ, ಹಳೆಯ ಜಗಳಗಳನ್ನು ತೀರಿಸಿಕೊಳ್ಳುವುದು ಒಳ್ಳೆಯದು. ಅಮ್ಮಿಯ ಆ ವರ್ಷದ ತಯಾರಿಯಲ್ಲಿ ಇಂದಿಗೂ ಉಳಿದಿರುವುದು ಆ ನಾದಿನಿಯ ಒಡನಾಟವೇ.

ನೀವು ಚೀಟಿಗೆ ಅರ್ಜಿ ಹಾಕಿದ್ದೀರೆಂದರೆ ಹಣವಿದೆ ಎಂದಾಯಿತು. ಹಾಗಾದರೆ ಮುಂದಿನ ಸಾಲಿಗೂ ಅರ್ಜಿ ಹಾಕಿ. ಹಿರಿಯರಿಗೆ, ಜೊತೆಗಾರರೊಂದಿಗೆ, ಚೀಟಿಯಿಲ್ಲದೆ ಆದ್ಯತೆ ಕೊಡುವ ವರ್ಗವೊಂದಿದೆ. ಅವರ ವಯಸ್ಸಿಗೆ ಅದು ಅನ್ವಯಿಸುತ್ತದೆಯೇ ಎಂದು ಹಜ್ ಸಮಿತಿಯಲ್ಲಿ ವಿಚಾರಿಸಿ, ಪಾಸ್‌ಪೋರ್ಟಿನ ಅವಧಿಯನ್ನೂ ಈಗಲೇ ನೋಡಿಕೊಳ್ಳಿ.