ಎರೆ ಮಣ್ಣಿನ ಮಡಿ, ಐದು ದಿನಕ್ಕೊಮ್ಮೆ ನಳದ ನೀರು

ಪ್ರಶ್ನೆ: ಗೋಕುಲ ರಸ್ತೆ ಕಡೆ ನಮ್ಮ ಬಡಾವಣೆಯ 30×40 ಅಡಿ ಖಾಲಿ ಜಾಗದಲ್ಲಿ ಎಂಟು ಮನೆಯವರು ಸೇರಿ ಕಾಯಿಪಲ್ಲೆ ಬೆಳೆಯಬೇಕೆಂದಿದ್ದೇವೆ. ಪೂರ್ತಿ ಎರೆ ಮಣ್ಣು. ತೆಗೆಸಿ ಕೆಂಪು ಮಣ್ಣು ಹಾಕಿಸಬೇಕೆ? ಎಷ್ಟು ಮಡಿ ಮಾಡಬಹುದು?
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ತೆಗೆಸಬೇಡಿ. ಐದಾರು ದಿನಕ್ಕೊಮ್ಮೆ ನಳ ಬರುವ ಕಡೆ, ನೀರು ಹಿಡಿದಿಟ್ಟುಕೊಳ್ಳುವ ಎರೆ ದೊಡ್ಡ ಆಸ್ತಿ. ಅದರ ತೊಂದರೆ ಎರಡೇ: ಮಳೆಗಾಲದಲ್ಲಿ ನೀರು ಬಸಿಯದೆ ಬೇರು ಕೊಳೆಯುತ್ತದೆ, ಹದ ತಪ್ಪಿ ಅಗೆದರೆ ಹೆಂಟೆ ಕಲ್ಲಾಗುತ್ತದೆ.

ಹದ ನೋಡುವುದು ಹೀಗೆ. ನಾಲ್ಕು ಬೆರಳು ಆಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಅದುಮಿ. ಬೆರಳ ಗುರುತು ನುಣುಪಾಗಿ ಮೂಡಿ ಮಣ್ಣು ಮಿರುಗಿದರೆ ಇನ್ನೂ ಹಸಿ, ಕಾಯಿರಿ. ಉಂಡೆ ಪುಡಿಪುಡಿಯಾಗಿ ಒಡೆದರೆ ಅದೇ ಹದ. ರೋಹಿಣಿ ಮಳೆ ಬಿದ್ದ ಮೇಲೆ ಈ ಹದ ಎರಡು ಮೂರು ದಿನ ಮಾತ್ರ ಸಿಗುತ್ತದೆ. ಎಂಟೂ ಮನೆಯವರು ಆಗಲೇ ಕೈಹಾಕಬೇಕು.

ಮಡಿ ಮೂರೂವರೆ ಅಡಿ ಅಗಲ, 10 ಅಡಿ ಉದ್ದ, ಮುಕ್ಕಾಲು ಅಡಿ ಎತ್ತರ ಇರಲಿ. ಇಷ್ಟು ಅಗಲವಿದ್ದರೆ ಎರಡೂ ಬದಿಯಿಂದ ನಡುವಿನವರೆಗೆ ಕೈ ಮುಟ್ಟುತ್ತದೆ, ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರುವುದಿಲ್ಲ. ಎರೆಯನ್ನು ಒಮ್ಮೆ ತುಳಿದರೆ ಆ ಜಾಗ ಬಿಗಿಯಾಗಿಬಿಡುತ್ತದೆ. ನಡುವೆ ಒಂದೂವರೆ ಅಡಿ ದಾರಿ ಬಿಟ್ಟು, ದಾರಿಯ ಮಣ್ಣನ್ನೇ ಮಡಿಗೆ ಏರಿಸಿ. ತಗ್ಗಾದ ದಾರಿ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ. ಅದರ ಇಳಿಜಾರು ಗಟಾರದ ಕಡೆಗಿರಲಿ. ಮೇಲೆ ಎರಡು ಇಂಚು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹರಡಿ (ಒಂದು ಮಡಿಗೆ 15 ಲೀಟರಿನ ಬಕೆಟ್‌ನಲ್ಲಿ 11), ಅರ್ಧ ಅಡಿ ಆಳದವರೆಗೆ ಬೆರೆಸಿ. ಮರಳಿಗೆ ದುಡ್ಡು ಹಾಕಬೇಡಿ. ನಾಲ್ಕು ಬುಟ್ಟಿ ಮರಳಿನಿಂದ ಎರೆಯ ಸ್ವಭಾವ ಬದಲಾಗದು, ಕಳಿತ ಗೊಬ್ಬರದಿಂದ ಬದಲಾಗುತ್ತದೆ.

ಎಷ್ಟು ಮಡಿ ಎಂಬುದನ್ನು ಜಾಗ ನೋಡಿ ತೀರ್ಮಾನಿಸಬೇಡಿ, ಡ್ರಮ್ಮು ಎಣಿಸಿ. ಇಂಥ ಒಂದು ಮಡಿಗೆ ಚಳಿಗಾಲದಲ್ಲಿ ದಿನಕ್ಕೆ ಸುಮಾರು 16 ಲೀಟರ್, ಏಪ್ರಿಲ್ ಬಿಸಿಲಿನಲ್ಲಿ 20ರಿಂದ 23 ಲೀಟರ್ ಬೇಕು. 200 ಲೀಟರಿನ ಡ್ರಮ್ಮು ಬೇಸಿಗೆಯಲ್ಲಿ ಒಂದು ಮಡಿಯನ್ನು ಎಂಟೊಂಬತ್ತು ದಿನ ಸಾಕೀತು. ನಿಮ್ಮಲ್ಲಿ ಮೂರು ಡ್ರಮ್ಮಿದ್ದರೆ ಮೊದಲ ವರ್ಷ ನಾಲ್ಕು ಮಡಿ ಸಾಕು.

ಪ್ರಶ್ನೆ: ಟೊಮೆಟೊ ಕಾಯಿಯ ತಳ ಕಪ್ಪಾಗಿ, ಚಪ್ಪಟೆಯಾಗಿ ಒಣಗುತ್ತಿದೆ. ಸುಣ್ಣ ಕಡಿಮೆಯಾಗಿದೆ ಎಂದು ಮೊಟ್ಟೆ ಸಿಪ್ಪೆ, ಬೂದಿ ಹಾಕಿದೆವು. ಪ್ರಯೋಜನವಾಗಲಿಲ್ಲ.
– ಓದುಗರು, ಗದಗ

ಉತ್ತರ: ಕಾಯಿಗೆ ಸುಣ್ಣದ ಅಂಶ ಕಡಿಮೆ ಬಿದ್ದಿರುವುದು ನಿಜ. ಆದರೆ ನಿಮ್ಮದು ಎರೆಯಾದರೆ ಮಣ್ಣಿನಲ್ಲಿ ಅದರ ಕೊರತೆ ಇರುವುದಿಲ್ಲ. ಕೆದರಿ ನೋಡಿ, ಬಿಳಿ ಸುಣ್ಣದ ಹರಳೇ ಸಿಗಬಹುದು. ಸುಣ್ಣದ ಅಂಶ ಬೇರಿನಿಂದ ಕಾಯಿಗೆ ಹೋಗುವುದು ನೀರಿನ ಜೊತೆಗೆ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಬಕೆಟ್‌ಗಟ್ಟಲೆ ಸುರಿದರೆ ಕಾಯಿಯ ತುದಿಗೆ ಅದು ತಲುಪುವುದಿಲ್ಲ. ಸಾಮುದಾಯಿಕ ತೋಟಗಳಲ್ಲಿ ಇದು ಹೆಚ್ಚು, ಏಕೆಂದರೆ ಅವರು ಹಾಕಿದ್ದಾರೆ ಎಂದು ಇವರು, ಇವರು ಹಾಕಿದ್ದಾರೆ ಎಂದು ಅವರು ಬಿಡುತ್ತಾರೆ. ಡ್ರಮ್ಮಿಗೊಂದು ಹಲಗೆ ಕಟ್ಟಿ, ನೀರು ಹಾಕಿದವರು ತಾರೀಖು ಬರೆಯಲಿ. ದಿನ ಬಿಟ್ಟು ದಿನ ಗಿಡಕ್ಕೆ ಎರಡರಿಂದ ಮೂರು ಲೀಟರ್ ಹಾಕಿ. ಬುಡದ ಸುತ್ತ ಎರಡು ಇಂಚು ಶೇಂಗಾ ಸಿಪ್ಪೆ ಅಥವಾ ಕತ್ತರಿಸಿದ ಜೋಳದ ಕಣಕಿ ಹಾಸಿ. ಕಳಿಯುವ ಮೊದಲೇ ಮಣ್ಣಿನೊಳಗೆ ಬೆರೆಸಿದರೆ ಮಾತ್ರ ಅದು ಕೊಳೆಯುವಾಗ ಸಾರಜನಕವನ್ನು ತಾನೇ ಹೀರಿ ಗಿಡ ಹಳದಿಯಾಗುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಕೆಟ್ಟ ಕಾಯಿ ಕಿತ್ತುಹಾಕಿ. ಬೂದಿಯನ್ನಂತೂ ಎರೆಗೆ ಹಾಕಲೇಬೇಡಿ, ಮೊದಲೇ ಕ್ಷಾರ ಹೆಚ್ಚಿರುವ ಮಣ್ಣು ಅದು.

ಪ್ರಶ್ನೆ: ಬೆಂಡಿ ಗಿಡದ ಎಲೆ ಹಳದಿಯಾಗುತ್ತಿವೆ. ಏನು ಸಿಂಪಡಿಸಬೇಕು?
– ಓದುಗರು, ಹಾವೇರಿ

ಉತ್ತರ: ಎಲೆಯನ್ನು ಬೆಳಕಿಗೆ ಹಿಡಿದು ನರ ನೋಡಿ. ನರಗಳೇ ಹಳದಿ ಬಲೆಯಂತೆ ಕಂಡರೆ ಅದು ಬಿಳಿನೊಣ ಹರಡುವ ನಂಜುರೋಗ (ವೈರಸ್ ರೋಗ). ಔಷಧವಿಲ್ಲ, ಗಿಡ ಕಿತ್ತು ದೂರ ಹಾಕಿ. ಉಳಿದ ಗಿಡಗಳಿಗೆ ಸಂಜೆ ಹೊತ್ತು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚಿಟಿಕೆ ಸೋಪಿನ ಪುಡಿ ಬೆರೆಸಿ ಎಲೆಯ ಅಡಿಭಾಗಕ್ಕೆ ಹೊಡೆಯಿರಿ. ಮುಂದಿನ ಸಲ ಈ ರೋಗವನ್ನು ಸ್ವಲ್ಪಮಟ್ಟಿಗೆ ತಡೆಯುವ ಅರ್ಕಾ ಅನಾಮಿಕಾ ತಳಿ ಹಾಕಿ. ನರ ಹಸಿರಾಗಿದ್ದು ನಡುವೆ ಹಳದಿ, ಅದೂ ಎಳೆ ಎಲೆಯಲ್ಲಿ ಮೊದಲು ಎಂದಾದರೆ ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ಲಿಂಬೆಹಣ್ಣಿನ ರಸ ಬೆರೆಸಿ ಅಂದೇ ಸಿಂಪಡಿಸಿ, 10 ದಿನ ಬಿಟ್ಟು ಮತ್ತೊಮ್ಮೆ.

ಪ್ರಶ್ನೆ: ಕೊತ್ತಂಬರಿ ಸರಿಯಾಗಿ ಹುಟ್ಟುವುದಿಲ್ಲ.
– ಓದುಗರು, ಧಾರವಾಡ

ಉತ್ತರ: ಕಾಳನ್ನು ಲಟ್ಟಣಿಗೆಯಿಂದ ಹಗುರಾಗಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ. ಮೇಲೆ ಮಣ್ಣಿನ ಬದಲು ಜರಡಿ ಹಿಡಿದ ಗೊಬ್ಬರ ಮುಚ್ಚಿ. ಎರೆ ಒಣಗಿ ಹೊಪ್ಪಳಿಕೆ ಕಟ್ಟಿದರೆ ಮೊಳಕೆ ಮೇಲೇಳಲಾರದು. ಎರಡು ವಾರದವರೆಗೂ ಕಾಯಬೇಕಾಗಬಹುದು.